ತಂಪು ಎಷ್ಟಿರಬೇಕು

ಬ್ಯಾಡಗಿ
19-2-1989

ಫಕ್ಕೀರಭಾಯಿಗೆ ಜೈತೂನಳ ಸಲಾಂ.

ಎರಡು ವರ್ಷದ ಮೇಲೆ ನಾನೇ ಮೊದಲು ಕಾಗದ ಹಿಡಿದಿದ್ದೇನೆ. ಗೆದ್ದೆ ಅಂದುಕೊಂಡು ರಾಣೆಬೆನ್ನೂರಿನ ತುಂಬಾ ಸಾರಿಕೊಂಡು ಬರಬೇಡ. ನಿನ್ನಿಂದ ಒಂದು ಕೆಲಸ ಆಗಬೇಕಾಗಿದೆ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಮಗಳು ಮುಮ್ತಾಜಳಿಗೆ ಈಗ ಹದಿಮೂರು. ಬೆಳಿಗ್ಗೆ ಒಂದು, ಸಂಜೆ ಒಂದು ಇನ್ಸುಲಿನ್ ಸೂಜಿ ತಪ್ಪಿಲ್ಲ. ಈಗ ತಾನೇ ಚುಚ್ಚಿಕೊಳ್ಳುತ್ತಾಳೆ. ನಾನು ಇನ್ನೂ ಮುಖ ಆ ಕಡೆ ತಿರುಗಿಸಿ ನಿಲ್ಲುತ್ತೇನೆ. ಆ ಔಷಧಿ ಬಿಸಿಗೆ ಕೆಡುತ್ತದೆ. ಗಡಿಗೆಯಲ್ಲಿ ಹಸಿ ಮರಳು ತುಂಬಿ, ಅದರಲ್ಲಿ ಸೀಸೆ ಹೂತಿಟ್ಟು ಇಷ್ಟು ದಿನ ಹೇಗೋ ನಡೆಸಿದೆ. ಹೋದ ಮೇ ತಿಂಗಳಲ್ಲಿ ಮರಳೇ ಬೆಚ್ಚಗಾಯಿತು. ಔಷಧಿಯ ಜೀವ ಹೋಗಿತ್ತು, ನಮಗೆ ತಿಳಿಯಲಿಲ್ಲ. ಹುಡುಗಿ ಹಾವೇರಿಯ ದವಾಖಾನೆಯಲ್ಲಿ ನಾಲ್ಕು ದಿನ ಮಲಗಿದಳು. ನಿನಗೆ ಯಾರೂ ಹೇಳಲಿಲ್ಲ, ಏಕೆಂದರೆ ಹೇಳಬೇಡಿರಿ ಅಂದವಳು ನಾನೇ.

ಈ ಸಲ ಡಾಕ್ಟರು, "ಬ್ಯಾಸಗಿ ಬರೂದ್ರಾಗ ಫ್ರಿಜ್ ವ್ಯವಸ್ಥಾ ಮಾಡ್ಕೋರಿ. ಗಡಿಗ್ಯಾಗ ಇಟ್ಟು ಹುಡುಗೀನ್ನ ಕಳ್ಕೋಬ್ಯಾಡ್ರಿ" ಅಂದರು. ನಮ್ಮ ಓಣಿಯಲ್ಲಿ ಒಂದೂ ಫ್ರಿಜ್ ಇಲ್ಲ. ಮೆಣಸಿನಕಾಯಿ ದಲಾಲರ ಮನೆಯಲ್ಲಿದೆ ಎಂದು ಅಲ್ಲಿ ಇಟ್ಟೆ. ಅವರು ಒಂದು ದಿನ ಬಾಗಿಲು ಹಾಕಿಕೊಂಡು ಮದುವೆಗೆ ಹೋದರು. ಸೀಸೆ ಒಳಗೆ, ನಾನು ಹೊರಗೆ. ಕೀಲಿ ಒಡೆಯಲು ಕಲ್ಲು ಎತ್ತಿಕೊಂಡಿದ್ದೆ, ಖರೇ ಹೇಳುತ್ತೇನೆ.

ನೀನು ಫ್ರಿಜ್ ರಿಪೇರಿಯವನು. ಸಣ್ಣದೊಂದು, ಹಳೆಯದಾದರೂ ನಡೆಯುವಂಥದ್ದು, ನೋಡಿಕೊಡು.

ಎರಡು ವರ್ಷದ ಕೆಳಗೆ ಅವಳಿಗೆ ಸಕ್ಕರೆ ಕಾಯಿಲೆ ಎಂದು ತಿಳಿದಾಗ ದವಾಖಾನೆಯ ಪಡಸಾಲೆಯಲ್ಲಿ ನಿಂತು ನೀನು ಆಡಿದ್ದನ್ನು ನಾನು ಮರೆತಿಲ್ಲ. "ಸೂಜಿ ಮ್ಯಾಲೆ ಬದುಕೋ ಹುಡುಗಿ ಎಷ್ಟ ದಿನಾ ಬಾಳತಾಳ? ಇರೋ ಗಂಡಹುಡುಗನ್ನರೆ ಚಂದಂಗ ನೋಡ್ಕೋರಿ." ಇವರು ನಿನಗೆ ನಮ್ಮ ಹೊಸ್ತಿಲು ತುಳಿಯಬೇಡ ಅಂದದ್ದು ಅದಕ್ಕೇ. ಹುಡುಗಿ ಮಂಪರಿನಲ್ಲಿದ್ದಳು, ಕೇಳಿಸಿಕೊಳ್ಳಲಿಲ್ಲ. ಅದೊಂದೇ ನನಗೆ ಸಮಾಧಾನ.

ಬೇಗ ಬರೆ. ಬಿಸಿಲು ನಿನ್ನ ಹಾಗೆ ಎರಡು ವರ್ಷ ಸುಮ್ಮನೆ ಕೂರುವುದಿಲ್ಲ.

ನಿನ್ನ ತಂಗಿ
ಜೈತೂನಬಿ


ರಾಣೆಬೆನ್ನೂರು
27-2-1989

ಜೈತೂನ,

ನಿನ್ನ ಕಾಗದ ಬಂದ ದಿನ ಮೂರು ಗಿರಾಕಿಗಳ ಕೆಲಸ ಹಾಗೇ ಬಿಟ್ಟು ಈ ಪೆಟ್ಟಿಗೆಗೆ ಕೂತೆ. ಸೊಂಟದೆತ್ತರದ್ದು, ಒಬ್ಬರು ಬ್ಯಾಂಕಿನ ಸಾಹೇಬರು ವರ್ಗವಾಗಿ ಹೋಗುವಾಗ ಬಿಟ್ಟುಹೋದದ್ದು. ಮೇಲೆ ಹಿಡಿಕೆ ಇದೆ, ಇಬ್ಬರು ಎತ್ತಿದರೆ ಎಲ್ಲಿಗೆ ಬೇಕಾದರೂ ಒಯ್ಯಬಹುದು. ಕಂಪ್ರೆಸರ್ ಬದಲಿಸಿದೆ, ಹೊಸ ಗ್ಯಾಸು ತುಂಬಿದೆ, ಬಾಗಿಲಿನ ರಬ್ಬರೂ ಹೊಸದು. ಇನ್ನು ಇದಕ್ಕೆ ಸಾವಿಲ್ಲ.

ಮೈಲಾರೆಪ್ಪನ ಟೆಂಪೋದಲ್ಲಿ ಕಳಿಸುತ್ತಿದ್ದೇನೆ. ನಿಲ್ಲಿಸಿಯೇ ತರಲು ಹೇಳಿದ್ದೇನೆ, ಆದರೆ ಅವನು ಹೇಳಿದ ಮಾತು ಕೇಳಿದ್ದನ್ನು ನಾನು ಕಂಡಿಲ್ಲ. ದಾರಿಯಲ್ಲಿ ಮಲಗಿಸಿದ್ದರೆ ಒಂದು ದಿನಪೂರ್ತಿ ನೆಟ್ಟಗೆ ನಿಲ್ಲಿಸು, ಆಮೇಲೆ ಸ್ವಿಚ್ ಹಾಕು. ಕಂಪ್ರೆಸರಿನ ಎಣ್ಣೆ ಕೊಳವೆಗೆ ಹರಿದಿರುತ್ತದೆ, ಅದು ಇಳಿಯಬೇಕು. ಅವಸರ ಮಾಡಿದರೆ ನನ್ನ ಆರು ದಿನದ ದುಡಿಮೆ ಆರು ನಿಮಿಷದಲ್ಲಿ ಸುಟ್ಟುಹೋಗುತ್ತದೆ. ಗೋಡೆಗೆ ಅಂಟಿಸಬೇಡ, ಹಿಂದೆ ಒಂದು ಗೇಣು ಜಾಗ ಬಿಡು. ಒಲೆಯ ಹತ್ತಿರ ಬೇಡ. ಜೊತೆಗಿರುವ ಕಬ್ಬಿಣದ ಡಬ್ಬಿ ಸ್ಟೆಬಿಲೈಜರ್, ಅದರ ಮೂಲಕವೇ ಕರೆಂಟು ಕೊಡು. ಕರೆಂಟು ಹೋಗಿ ಬಂದರೆ ಐದು ನಿಮಿಷ ತಡೆದು ಹಾಕು.

ನಿನ್ನ ಗಂಡ ಮೌಲಾಸಾಬ ಏನೆಂದ? ಇದನ್ನಾದರೂ ಹೊಸ್ತಿಲು ದಾಟಿಸುತ್ತಾನೋ ಇಲ್ಲವೋ?

ಆ ಮಾತಿನ ಬಗ್ಗೆ ನೀನು ಬರೆದದ್ದನ್ನು ಓದಿದೆ. ಫ್ರಿಜ್ ಮುಟ್ಟಿದ ಕೂಡಲೇ ತಿಳಿಸು.

ಫಕ್ಕೀರಸಾಬ


ಬ್ಯಾಡಗಿ
8-3-1989

ಭಾಯಿ,

ಫ್ರಿಜ್ ಮುಟ್ಟಿತು. ನಿನ್ನ ಮೈಲಾರೆಪ್ಪ ಅದನ್ನು ಅಂಗಾತ ಮಲಗಿಸಿ, ಮೇಲೆ ಖಾಲಿ ಚೀಲಗಳ ಹಾಸಿಗೆ ಮಾಡಿ, ಅದರ ಮೇಲೆ ಒಬ್ಬನನ್ನು ಕೂರಿಸಿಕೊಂಡು ಬಂದಿದ್ದ. ನಾನು ಬೈದದ್ದಕ್ಕೆ, "ಆರಾಮ ಮಲ್ಕೊಂಡ್ ಬಂದೈತಿ ಬಿಡ್ರಿ ಅಕ್ಕಾರ, ನಿಂತ ಬಂದಿದ್ರ ಕಾಲ ನೋಯ್ತಿದ್ವು" ಅಂದ.

ಒಂದು ದಿನಪೂರ್ತಿ ನಿಲ್ಲಿಸಿದೆ. ಓಣಿಯ ಹೆಂಗಸರೆಲ್ಲ ನೋಡಲು ಬಂದರು. ಮಗ್ಗುಲ ಮನೆಯ ಬಿಬಿಜಾನ್ ಖಾಲಾ ಕೈ ಒಳಗೆ ಹಾಕಿ, "ತಂಪ ಎಲ್ಲೈತೆ ತಂಪ?" ಎಂದು ಹತ್ತು ಸಲ ಕೇಳಿದಳು. ಎಪ್ಪತ್ತು ದಾಟಿದ ಜೀವಕ್ಕೆ ಎಣ್ಣೆ ಇಳಿಯುವ ಕಥೆ ಹೇಗೆ ಹೇಳಲಿ? ಇವರು ಎರಡು ದಿನ ಅದರ ಕಡೆ ನೋಡಲಿಲ್ಲ. ಮೂರನೆಯ ದಿನ ಮಾರ್ಕೆಟ್ಟಿನಲ್ಲಿ ತೂಕದ ಕೆಲಸ ಮುಗಿಸಿ ಬಂದವರು, ಅಂಗಿಗೆ ಹತ್ತಿದ ಮೆಣಸಿನಕಾಯಿಯ ಘಾಟು ಸಮೇತ ಅದರ ಮುಂದೆ ಕೂತು, "ಔಷಧ ಎಲ್ಲಿಡೂದು?" ಎಂದು ಕೇಳಿದರು. ಅಷ್ಟೇ. ನಿನ್ನ ಹೆಸರು ಎತ್ತಲಿಲ್ಲ.

ಒಂದು ತೊಂದರೆ ಆಗಿದೆ. ಸ್ಟೆಬಿಲೈಜರಿನ ಪ್ಲಗ್ಗಿಗೆ ಮೂರು ಕಡ್ಡಿ, ನಮ್ಮ ಮನೆಯ ಗೋಡೆಗೆ ಎರಡೇ ತೂತು. ವಾಯರ್ ಕೆಲಸದ ಕರಬಸಪ್ಪ ಬಂದು, "ಮೂರನೇದು ಶೋಕಿಗೆ ಇರತೈತ್ರಿ, ಕಿತ್ತ ಒಗೀತೀನಿ" ಎಂದು ಇಕ್ಕಳದಿಂದ ಮುರಿದ. ಫ್ರಿಜ್ ನಡೆಯುತ್ತಿದೆ. ಆದರೆ ನಿನ್ನೆ ನೆಲ ಒರೆಸಿ ಹಸಿ ಕೈಯಿಂದ ಬಾಗಿಲು ಮುಟ್ಟಿದೆ, ಮೊಣಕೈವರೆಗೆ ಜುಮ್ ಅಂತು. ಇದು ಹೀಗೆಯೇ ಇರುತ್ತದೆಯೇ? ಮುಮ್ತಾಜ ದಿನಕ್ಕೆ ಎರಡು ಸಲ ಅದನ್ನು ಮುಟ್ಟುವವಳು.

ಜೈತೂನ


ರಾಣೆಬೆನ್ನೂರು
11-3-1989

ಜೈತೂನ,

ಓದಿದ ಕೂಡಲೇ ಪ್ಲಗ್ ಕೀಳು. ಆಮೇಲೆ ಉಳಿದದ್ದು ಓದು.

ಆ ಕರಬಸಪ್ಪ ನನ್ನ ಕೈಗೆ ಸಿಕ್ಕರೆ ಅದೇ ಇಕ್ಕಳದಿಂದ ಅವನ ಮೂಗು ಹಿಡಿಯುತ್ತೇನೆ. ಮೂರನೆಯ ಕಡ್ಡಿ ಅರ್ಥಿಂಗ್. ಪೆಟ್ಟಿಗೆಯ ತಗಡಿಗೆ ಕರೆಂಟು ಹರಿದರೆ ಅದು ಭೂಮಿಗೆ ಇಳಿದುಹೋಗುವ ದಾರಿ ಅದು. ದಾರಿ ಮುಚ್ಚಿದರೆ ಅದು ಮುಟ್ಟಿದವರ ಮೈಮೇಲೆ ಇಳಿಯುತ್ತದೆ. ಹಿತ್ತಲಲ್ಲಿ ಆಳೆತ್ತರದ ಗುಂಡಿ ತೋಡಿಸು. ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಒಂದು ಪದರು ಇದ್ದಲಿ ಒಂದು ಪದರು ಉಪ್ಪು ತುಂಬಿಸು. ಅಲ್ಲಿಂದ ದಪ್ಪ ತಂತಿ ಎಳೆದು ಮೂರು ತೂತಿನ ಹೊಸ ಸಾಕೆಟ್ಟಿಗೆ ಕೂಡಿಸಬೇಕು. ಪ್ಲಗ್ಗೂ ಹೊಸದು ಹಾಕಿಸು. ಬೇಸಿಗೆಯಲ್ಲಿ ಆ ಗುಂಡಿಗೆ ದಿನಾ ಒಂದು ಕೊಡ ನೀರು ಹಾಕು, ಒಣಗಿದ ಮಣ್ಣಿನಲ್ಲಿ ಕರೆಂಟು ಇಳಿಯುವುದಿಲ್ಲ. ಇದನ್ನು ಕರಬಸಪ್ಪನಿಂದಲೇ ಮಾಡಿಸು, ನೀನು ಪಕ್ಕದಲ್ಲಿ ನಿಂತು ಈ ಕಾಗದ ಓದು.

ಇನ್ನೊಂದು. ನೀವು ಪಡಸಾಲೆಯಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತೀರಿ, ನನಗೆ ಗೊತ್ತು. ಅದರ ಧೂಳು ಫ್ರಿಜ್ಜಿನ ಹಿಂದಿನ ಜಾಲರಿಗೆ ಕೂತರೆ ಅದಕ್ಕೆ ಉಸಿರು ಕಟ್ಟುತ್ತದೆ. ಹದಿನೈದು ದಿನಕ್ಕೊಮ್ಮೆ ಪ್ಲಗ್ ಕಿತ್ತು, ಒಣ ಬ್ರಶ್ಶಿನಿಂದ ಝಾಡಿಸು.

ಏಪ್ರಿಲ್ ಬಂದ ಕೂಡಲೇ ಫ್ರಿಜ್ಜಿನ ಒಳಗೆ ತಂಪು ಹೆಚ್ಚು ಕಡಿಮೆ ಮಾಡುವ ಗುಂಡಿಯನ್ನು ಆರಕ್ಕೆ ತಿರುಗಿಸು. ಬೇಕಾದರೆ ಏಳಕ್ಕೂ ಇಡು, ಅಂಜಬೇಡ. ಕಲ್ಲಿನಂಥ ಐಸು ಕಟ್ಟುತ್ತದೆ. ಫಕ್ಕೀರಸಾಬ ಮಾಡಿದ ಪೆಟ್ಟಿಗೆ ಎಂದು ಓಣಿಗೆಲ್ಲ ತಿಳಿಯಲಿ.

ಅರ್ಥಿಂಗ್ ಆಯಿತು ಎಂದು ಒಂದು ಕಾರ್ಡು ಹಾಕು. ಅಲ್ಲಿಯವರೆಗೆ ನನಗೆ ಊಟ ರುಚಿಸುವುದಿಲ್ಲ.

ಫಕ್ಕೀರಸಾಬ


ಬ್ಯಾಡಗಿ
13-4-1989

ಭಾಯಿ,

ಅರ್ಥಿಂಗ್ ಆದ ಕಾರ್ಡು ಮುಟ್ಟಿರಬೇಕು. ಈಗ ಬಾಗಿಲು ಕಚ್ಚುವುದಿಲ್ಲ. ಕರಬಸಪ್ಪ ಗುಂಡಿ ತೋಡುವಷ್ಟು ಹೊತ್ತೂ ನಿನ್ನ ಕಾಗದದಲ್ಲಿ ಮೂಗಿನ ವಿಷಯ ಇದ್ದ ಸಾಲನ್ನು ಬಿಟ್ಟು ಉಳಿದದ್ದು ಓದಿದೆ.

ರಮಜಾನ್ ಹಿಡಿದು ಆರನೆಯ ದಿನ. ಬಿಸಿಲು ಹೇಳತೀರದು. ಮೊದಲ ದಿನ ಬಿಬಿಜಾನ್ ಖಾಲಾ ಒಂದು ಸ್ಟೀಲ್ ಬಟ್ಟಲು ತಂದು, "ಒಂದೀಟು ಬರ್ಫ್ ಕಟ್ಟಿಸಿ ಕೊಡ ಬೇಟಾ, ರೋಜಾ ಬಿಡೂ ಹೊತ್ನ್ಯಾಗ ಗಂಟಲ ತಣ್ಣಗಾಗಲಿ" ಅಂದಳು. ರೋಜಾ ಇದ್ದವರಿಗೆ ತಣ್ಣೀರು ಕೊಡುವುದಕ್ಕಿಂತ ದೊಡ್ಡ ಸವಾಬ್, ದೊಡ್ಡ ಪುಣ್ಯ ಯಾವುದಿದೆ? ಕೊಟ್ಟೆ. ಮರುದಿನ ನಾಲ್ಕು ಮನೆಯ ಬಟ್ಟಲು, ಈಗ ಹನ್ನೊಂದು ಮನೆಯವು. ಗುಂಡಿ ಏಳಕ್ಕೆ ಇಟ್ಟಿದ್ದೇನೆ. ನೀನು ಹೇಳಿದ ಹಾಗೆ ಕಲ್ಲಿನಂಥ ಐಸು. ಸಂಜೆ ಮಸೀದಿಯ ಕೂಗಿಗೆ ಮೊದಲು ನಮ್ಮ ಬಾಗಿಲಲ್ಲಿ ಸಾಲು ನಿಲ್ಲುತ್ತದೆ. ನಿನಗೆ ದುವಾ ಮಾಡುತ್ತಾರೆ. ಇವರೂ ನಿನ್ನೆ ಶರಬತ್ತು ಕುಡಿದು, "ಪೆಟ್ಟಿಗಿ ಚಲೋ ಐತಿ" ಅಂದರು.

ಔಷಧಿಯನ್ನು ಎಲ್ಲಕ್ಕಿಂತ ತಂಪಾದ ಜಾಗದಲ್ಲಿ ಇಟ್ಟಿದ್ದೇನೆ, ಐಸಿನ ಖಾನೆಗೆ ತಾಗಿಸಿ, ಎರಡೂ ಸೀಸೆ. ಇನ್ನು ಈ ಬೇಸಿಗೆ ನಮ್ಮನ್ನು ಏನೂ ಮಾಡಲಾರದು.

ಆದರೂ ಮನಸ್ಸು ನಿಲ್ಲುತ್ತಿಲ್ಲ. ಮೂರು ದಿನದಿಂದ ಮುಮ್ತಾಜ ನೀರು ಬಹಳ ಕುಡಿಯುತ್ತಾಳೆ. ಮನೆಯಲ್ಲಿ ಮೂತ್ರಕ್ಕೆ ನೀಲಿ ಔಷಧಿ ಹಾಕಿ ಕಾಯಿಸಿ ನೋಡುತ್ತೇವೆ, ನೀಲಿಯೇ ಉಳಿದರೆ ಸಕ್ಕರೆ ಇಲ್ಲ ಎಂದರ್ಥ. ಮೊನ್ನೆ ಹಸಿರಾಯಿತು, ಇಂದು ಹಳದಿ. ಬಿಸಿಲಿಗೆ ಇರಬಹುದೇ? ಸೂಜಿ ಒಂದೂ ತಪ್ಪಿಲ್ಲ. ಸೀಸೆಯ ಔಷಧಿ ನೋಡಲು ಚೆನ್ನಾಗಿಯೇ ಇದೆ, ಒಂದೊಂದು ಸಲ ಸ್ವಲ್ಪ ಗಟ್ಟಿಯಾಗಿರುತ್ತದೆ, ಅಂಗೈಯಲ್ಲಿ ಹಿಡಿದರೆ ಕರಗುತ್ತದೆ.

ಜೈತೂನ


ರಾಣೆಬೆನ್ನೂರು
18-4-1989

ಜೈತೂನ,

ಇಂದು ಬೆಳಿಗ್ಗೆ ತಂತಿ ಕೊಟ್ಟಿದ್ದೇನೆ. ಅದು ತಪ್ಪಿದರೆ ಇದಾದರೂ ಸಿಗಲಿ ಎಂದು ಬರೆಯುತ್ತಿದ್ದೇನೆ. ಆ ಎರಡೂ ಸೀಸೆ ಒಗೆದುಬಿಡು. ಒಂದು ಹನಿಯನ್ನೂ ಹುಡುಗಿಗೆ ಕೊಡಬೇಡ. ಹೊಸದು ತಂದು ಕೊಡು, ಡಾಕ್ಟರ ಹತ್ತಿರ ಓಡು.

ನಿನ್ನ ಕಾಗದದಲ್ಲಿ ಗಟ್ಟಿಯಾಗಿರುತ್ತದೆ ಎಂದು ಓದಿದಾಗ ಏನೋ ಚುಚ್ಚಿತು. ಔಷಧಿ ಅಂಗಡಿಯವರನ್ನು ಕೇಳಿದೆ. ಅವರು, "ಏನ್ ಸಾಬರ, ಇನ್ಸುಲಿನ್ ಬರ್ಫ್ ಆದ್ರ ಮುಗೀತು. ಕರಗಿದ ಮ್ಯಾಲೆ ನೋಡಾಕ ಔಷಧ, ಕೆಲಸಕ್ಕ ನೀರು" ಅಂದರು. ಅದಕ್ಕೆ ಬೇಕಾದದ್ದು ಬಾವಿಯ ತಳದ ನೀರಿನಂಥ ತಂಪು, ಅಷ್ಟೇ. ಗುಂಡಿ ಎರಡಕ್ಕೆ ಇಳಿಸು. ಸೀಸೆ ನಡುವಿನ ಖಾನೆಯಲ್ಲಿ, ಒಂದು ಡಬ್ಬಿಯೊಳಗೆ, ಐಸಿನಿಂದ ದೂರ ಇರಲಿ.

ಏನಾಯಿತು ಎಂದು ತಕ್ಷಣ ಬರೆ. ತಕ್ಷಣ.

ಫಕ್ಕೀರಸಾಬ


ಹಾವೇರಿ
22-4-1989

ಭಾಯಿ,

ದವಾಖಾನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಮೊದಲು ಹೇಳಿಬಿಡುತ್ತೇನೆ, ಮುಮ್ತಾಜ ಎದ್ದು ಕೂತಿದ್ದಾಳೆ.

ಹದಿನೇಳನೆಯ ತಾರೀಖು ಸಂಜೆ ಸೂಜಿ ಮಾಡಿಕೊಂಡಳು. ಸ್ವಲ್ಪ ಹೊತ್ತಿಗೆ ವಾಂತಿ ಶುರುವಾಯಿತು, ಉಸಿರು ಜೋರಾಯಿತು. ಕಾಯಿಸಿ ನೋಡಿದರೆ ಇಟ್ಟಂಗಿಯ ಬಣ್ಣ. ಜೀಪಿನಲ್ಲಿ ಇಲ್ಲಿಗೆ ತಂದೆವು. ನಿನ್ನ ತಂತಿ ಮುಚ್ಚಿದ ಬಾಗಿಲಿಗೆ ಬಂದು ಹಿಂದಿರುಗಿತಂತೆ. ಡಾಕ್ಟರು ಬಂದಾಗಲೆಲ್ಲ, "ಸೂಜಿ ತಪ್ಪಿಸಿದ್ರೇನು? ಖರೇ ಹೇಳ್ರಿ" ಎಂದು ಕೇಳುತ್ತಿದ್ದರು. ನಾನು ಮಗಳ ಮೇಲೆಯೇ ಸಿಟ್ಟಾದೆ, ನನಗೆ ಕಾಣದ ಹಾಗೆ ಬೆಲ್ಲ ತಿಂದೆಯಾ ಎಂದು. ಅವಳು ತುಟಿ ಒಣಗಿ ಮಾತಾಡಲಾರದೆ ತಲೆ ಅಲ್ಲಾಡಿಸಿದಳು. ಆ ತಲೆ ಅಲ್ಲಾಡಿಸಿದ್ದು ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ನಿನ್ನೆ ಇವರು ಬಟ್ಟೆ ತರಲು ಮನೆಗೆ ಹೋದಾಗ ಬಾಗಿಲ ಸಂದಿಯಲ್ಲಿ ನಿನ್ನ ಕಾಗದ ಸಿಕ್ಕಿದೆ. ಅಲ್ಲಿಯೇ ಓದಿ, ಹಾಗೇ ಬಸ್ಸು ಹಿಡಿದು ಬಂದರು, ಬಟ್ಟೆ ತರುವುದು ಮರೆತು. ಡಾಕ್ಟರ ಕೈಗೆ ಕೊಟ್ಟರು. ನಾಳೆ ಇವಳನ್ನು ಮನೆಗೆ ಕಳಿಸುವವರಿದ್ದರು. ಕಳಿಸಿದ್ದರೆ ನಾನು ಮತ್ತೆ ಅದೇ ಸೀಸೆ ತೆಗೆಯುತ್ತಿದ್ದೆ.

ಒಂದು ಬಟ್ಟಲು ಐಸಿಗೆ ಇಲ್ಲ ಅನ್ನುವ ಬಾಯಿ ನನಗೆ ಬರಲಿಲ್ಲ. ಊರಿಗೆಲ್ಲ ತಂಪು ಕೊಟ್ಟೆ, ಮಗಳಿಗೆ ಹತ್ತು ದಿನ ಬರೀ ನೀರು ಚುಚ್ಚಿಸಿದೆ.

ಜೈತೂನ


ರಾಣೆಬೆನ್ನೂರು
25-4-1989

ಜೈತೂನ,

ನಿನ್ನ ತಪ್ಪಲ್ಲ. ಕರೆಂಟಿನ ಬಗ್ಗೆ ಹಾಳೆಗಟ್ಟಲೆ ಬರೆದವನು ನಾನು. ಔಷಧಿ ಹೆಪ್ಪುಗಟ್ಟಬಾರದು ಎಂಬ ಒಂದು ಸಾಲು ಬರೆಯಲಿಲ್ಲ. ನನಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳಲೂ ಇಲ್ಲ. ಹೆಚ್ಚು ತಂಪಾದರೆ ಒಳ್ಳೆಯ ಫ್ರಿಜ್, ನನ್ನ ತಲೆಯಲ್ಲಿ ಅಷ್ಟೇ ಇದ್ದದ್ದು. ಏಳಕ್ಕೆ ಇಡು, ಅಂಜಬೇಡ ಅಂದವನು ನಾನೇ.

ಇನ್ನೊಂದು ಇದೆ. ಬರೆಯದಿದ್ದರೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಔಷಧಿ ಅಂಗಡಿಯವರು ಆ ಮಾತು ಹೇಳಿದ್ದು ಹದಿನೇಳರ ಬೆಳಿಗ್ಗೆ, ಹದಿನೆಂಟಲ್ಲ. ಕೇಳಿದವನೇ ಹಾವೇರಿ ಬಸ್ಸು ಹತ್ತಿದೆ. ಬ್ಯಾಡಗಿಯ ಬಸ್ಸು ಹಿಡಿಯಲು ಮಧ್ಯಾಹ್ನಕ್ಕೆ ಮೋಟೆಬೆನ್ನೂರಿನಲ್ಲಿ ಇಳಿದೆ. ಅಲ್ಲಿಂದ ಬ್ಯಾಡಗಿ ಎಷ್ಟು ದೂರ? ಮೌಲಾಸಾಬ ಬಾಗಿಲಲ್ಲಿ ನಿಂತಿದ್ದರೆ ಏನು ಹೇಳಲಿ ಎಂದು ಯೋಚಿಸಿದೆ. ಬ್ಯಾಡಗಿಯ ಎರಡು ಬಸ್ಸು ಕಣ್ಣ ಮುಂದೆ ಹೋದವು. ಹತ್ತಲಿಲ್ಲ. ತಂತಿ ಕೊಟ್ಟರಾಯಿತು ಎಂದು ಹಿಂದಿರುಗಿದೆ. ಊರು ಮುಟ್ಟುವಷ್ಟರಲ್ಲಿ ತಾರ್ ಆಫೀಸು ಮುಚ್ಚಿತ್ತು. ನಾನು ಬಂದಿದ್ದರೆ ಆ ಸಂಜೆಯ ಸೂಜಿ ತಪ್ಪುತ್ತಿತ್ತು.

ಎರಡು ವರ್ಷದ ಕೆಳಗೆ ನಾಲಿಗೆ ಹರಿಬಿಟ್ಟು ತಪ್ಪು ಮಾಡಿದೆ, ಈಗ ಕಾಲು ತಡೆದು. ಇದನ್ನು ಮೌಲಾಸಾಬನಿಗೂ ಓದಿ ಹೇಳು. ಆಮೇಲೆ ಅವನು ಹ್ಞೂಂ ಅಂದರೆ ಬರುತ್ತೇನೆ. ಫ್ರಿಜ್ಜಿನೊಳಗೆ ಒಂದು ಥರ್ಮಾಮೀಟರ್ ಕೂರಿಸಬೇಕು.

ಫಕ್ಕೀರಸಾಬ


ಬ್ಯಾಡಗಿ
1-5-1989

ಭಾಯಿ,

ಮನೆಗೆ ಬಂದಿದ್ದೇವೆ. ಮೂತ್ರ ಕಾಯಿಸಿದರೆ ನೀಲಿ.

ಬಂದ ದಿನ ಸಂಜೆ ಬಟ್ಟಲುಗಳು ಮತ್ತೆ ಬಂದವು, ಯಾರಿಗೂ ವಿಷಯ ಗೊತ್ತಿರಲಿಲ್ಲ. ನಾನು ಒಳಗೆ ಹೋಗಿ ಕೂತೆ. ಮುಮ್ತಾಜಳೇ ಬಾಗಿಲಿಗೆ ಹೋಗಿ, "ಇನ್ಮ್ಯಾಲೆ ಐಸ್ ಸಿಗಂಗಿಲ್ರೀ. ಐಸ್ ಆದ್ರ ನನ್ನ ಔಷಧ ಸಾಯ್ತೈತಿ, ನಾನೂ ಸಾಯ್ತೀನಿ" ಅಂದಳು. ಹಾಗೇ ಅಂದಳು, ಒಂದು ಚೂರೂ ಮುಲಾಜಿಲ್ಲದೆ. ಬಿಬಿಜಾನ್ ಖಾಲಾ ಬಟ್ಟಲು ಎದೆಗವಚಿಕೊಂಡು ಅಲ್ಲೇ ಕೂತು ಅತ್ತಳು. ಈಗ ದಿನಾ ಬಂದು ಫ್ರಿಜ್ಜಿನ ಎದುರು ತಸಬಿ ಮಣಿ ಎಣಿಸುತ್ತಾ ಕೂರುತ್ತಾಳೆ. ನನ್ನ ಮಗ ನೀರಿಗೆಂದು ಬಾಗಿಲು ತೆಗೆಯಲು ಹೋದರೂ, "ಏ, ತಗದಿ ಅಂದ್ರ ಕೈ ಮುರೀತೀನಿ" ಅನ್ನುತ್ತಾಳೆ.

ನಿನ್ನ ಕಾಗದವನ್ನು ಇವರಿಗೆ ಓದಿ ಹೇಳಿದೆ. ಮೋಟೆಬೆನ್ನೂರಿನ ಸಾಲು ಬಂದಾಗ ಎದ್ದು ಹೊರಗೆ ಹೋದರು. ನಾನೂ ನಿನ್ನ ಮೇಲೆ ಬಹಳ ಸಿಟ್ಟಾದೆ, ಮುಚ್ಚಿಡುವುದಿಲ್ಲ. ಎರಡು ದಿನ ನಿನ್ನ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು. ಮೂರನೆಯ ದಿನ ಊಟಕ್ಕೆ ಕೂತಾಗ ಇವರೇ ಅಂದರು: "ಪೆಟ್ಟಿಗಿ ಒಳಗ ಬಂದೈತಿ, ಮಾಡಿದಾಂವ ಯಾಕ ಹೊರಗ ನಿಂದರಬೇಕು? ಈದ್ ಆದಮ್ಯಾಲೆ ಬಾ ಅಂತ ಬರಿ."

ಬರೆದಿದ್ದೇನೆ. ಈ ಸಲ ಬಸ್ಸು ಬಿಡಬೇಡ.

ಜೈತೂನ


ಬ್ಯಾಡಗಿ
15-5-1989

ಫಕ್ಕೀರ ಮಾಮೂಗೆ ಮುಮ್ತಾಜಳ ಸಲಾಂ.

ಅಮ್ಮನಿಗೆ ಹೇಳದೆ ಬರೆಯುತ್ತಿದ್ದೇನೆ. ನೀವು ಬಂದು ಹೋಗಿ ಮೂರು ದಿನವಾಯಿತು. ಥರ್ಮಾಮೀಟರ್ ಐದು ತೋರಿಸುತ್ತಿದೆ. ಬೆಳಿಗ್ಗೆ, ಸಂಜೆ ನೋಡಿ ನೋಟುಬುಕ್ಕಿನಲ್ಲಿ ಬರೆದಿಡುತ್ತೇನೆ.

ಮಾಮೂ, ನೀವು ಇಡೀ ದಿನ ನಮ್ಮ ಮನೆಯಲ್ಲಿದ್ದಿರಿ. ಬಂದ ಕೂಡಲೇ ಸ್ಕ್ರೂಡ್ರೈವರ್ ತೆಗೆದು ಫ್ರಿಜ್ಜಿನ ಹಿಂದೆ ಕೂತಿರಿ. ಜಾಲರಿ ಝಾಡಿಸಿದಿರಿ, ಹಿತ್ತಲಿಗೆ ಹೋಗಿ ಅರ್ಥಿಂಗಿಗೆ ನೀರು ಹಾಕಿದಿರಿ, ಮತ್ತೆ ಬಂದು ಅದರ ಹಿಂದೆಯೇ ಕೂತಿರಿ. ನಾನು ಚಹಾ ತಂದುಕೊಟ್ಟಾಗ ಕಪ್ಪು ನೋಡಿ ತೆಗೆದುಕೊಂಡಿರಿ. ನನ್ನ ಮುಖ ಒಂದು ಸಲವೂ ನೋಡಲಿಲ್ಲ.

ನಿಮಗೆ ಒಂದು ವಿಷಯ ಹೇಳಬೇಕು. ಎರಡು ವರ್ಷದ ಕೆಳಗೆ ದವಾಖಾನೆಯಲ್ಲಿ ನಾನು ನಿದ್ದೆ ಮಾಡಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದೆ. ನೀವು ಹೇಳಿದ್ದನ್ನು ಕೇಳಿದೆ. ನನಗೆ ಕೇಳಿಸಲಿಲ್ಲ ಎಂದು ಅಮ್ಮ ಎಲ್ಲರಿಗೂ ಹೇಳುತ್ತಾಳೆ. ಅವಳಿಗೆ ಸಮಾಧಾನವಾಗಲಿ ಎಂದು ನಾನೂ ಸುಮ್ಮನಿದ್ದೆ. ಬಹಳ ದಿನ ಮಲಗುವಾಗ ಅದೇ ನೆನಪಾಗುತ್ತಿತ್ತು. ನಿಮ್ಮ ಮೇಲೆ ಸಿಟ್ಟಿತ್ತು. ಈಗಲೂ ಸ್ವಲ್ಪ ಇದೆ.

ಮೊನ್ನೆ ಅಪ್ಪ ನಿಮ್ಮನ್ನು, "ಈ ಫ್ರಿಜ್ ಎಷ್ಟ ವರ್ಷ ಬಾಳತೈತಿ?" ಎಂದು ಕೇಳಿದರು. ನೀವು, "ಅದನ್ಯಾಕ ಕೇಳ್ತಿ ಮೌಲಾ, ದಿನಾ ನೋಡ್ಕೊಂಡ್ರ ನಡೀತೈತಿ, ಕೆಟ್ರ ನಾ ಅದೀನಲ್ಲ" ಅಂದಿರಿ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಆ ಮಾತು ನನಗೆ ಹೇಳುತ್ತೀರೇನೋ ಎಂದು ನಿಂತೇ ಇದ್ದೆ. ಅಷ್ಟರಲ್ಲಿ ನೀವು ಚೀಲ ಕಟ್ಟಿದಿರಿ, ಬಸ್ಸಿಗೆ ಹೊತ್ತಾಯಿತು, ಮತ್ತೆ ರವಿವಾರ ಬರುತ್ತೇನೆ ಅಂದಿರಿ.

ಫ್ರಿಜ್ ಚೆನ್ನಾಗಿದೆ. ಅದಕ್ಕೆ ಏನೂ ಆಗಿಲ್ಲ. ಮುಂದಿನ ರವಿವಾರ ಬರುವಾಗ ಸ್ಕ್ರೂಡ್ರೈವರ್ ತರಬೇಡಿರಿ. ಸುಮ್ಮನೆ ಬನ್ನಿ.

ಮುಮ್ತಾಜಬಿ